ಬಾನೆಟ್ಟಿನ ಬಲ ಅರ್ಧ

ರಾಜಧಾನಿ ಬಿಷ್ಕೆಕ್ಕಿನಲ್ಲಿ ಹೊಸ ಕಾರು ಕೊಂಡವನ ಸಂತೋಷಕ್ಕೆ ಆಯುಷ್ಯ ಕಡಿಮೆ. ಊರಿಗೆ ಹೋಗಿ ಅಮ್ಮನಿಗೆ ತೋರಿಸಿಕೊಂಡು ಬರುವ ತನಕ, ಅಷ್ಟೇ. ಹೋಗುವಾಗ ಕನ್ನಡಿಯಂತೆ ಹೊಳೆಯುತ್ತಿದ್ದ ಕಾರಿನ ಮೂತಿ ಬರುವಾಗ ಸಿಡುಬು ಎದ್ದವರ ಮುಖದ ಹಾಗಾಗಿರುತ್ತದೆ. ಮುಂದೆ ಹೋಗುವ ಲಾರಿಯ ಚಕ್ರ ಎಸೆಯುವ ಕಲ್ಲು ಒಂದು ಕಡೆ, ದಾರಿಯಲ್ಲಿ ಸಿಗುವ ಸರೋವರದ ದಂಡೆಯ ಹುಳು ಇನ್ನೊಂದು ಕಡೆ. ಕಲ್ಲಾದರೋ ಒಂದೇ ಏಟಿಗೆ ಬಣ್ಣ ಕಿತ್ತು ತನ್ನ ದಾರಿ ಹಿಡಿಯುತ್ತದೆ. ಹುಳು ಹಾಗಲ್ಲ, ಸತ್ತ ಮೇಲೂ ಸೇಡು ತೀರಿಸಿಕೊಳ್ಳುತ್ತದೆ. ಅದರ ಹೊಟ್ಟೆಯ ರಸ ಬಿಸಿಲಿಗೆ ಒಣಗಿ, ಬಣ್ಣವನ್ನು ನಿಧಾನವಾಗಿ ತಿನ್ನುತ್ತದೆ. ಈ ಎರಡು ಶತ್ರುಗಳ ದಯೆಯಿಂದಲೇ ಸಾಗಿನ್‌ನ ಅಂಗಡಿ ಹದಿನಾಲ್ಕು ವರ್ಷದಿಂದ ನಡೆದುಕೊಂಡು ಬಂದಿತ್ತು.

ಮೊದಮೊದಲು ಅವನು ಬಾನೆಟ್ಟಿನ ತುದಿಗೆ ಕಪ್ಪು ಪ್ಲಾಸ್ಟಿಕ್ ಪಟ್ಟಿ ಕೂರಿಸುತ್ತಿದ್ದ. ಅದಕ್ಕೆ ಡ್ರೈವರುಗಳು ನೊಣಬಡುಕ ಎಂದು ಹೆಸರಿಟ್ಟಿದ್ದರು. ನೊಣಗಳೇನೂ ಅದಕ್ಕೆ ಹೆದರಲಿಲ್ಲ. ಆಮೇಲೆ ಕಾರಿನ ಮೂತಿಗೆ ಚರ್ಮದಂಥ ಬಟ್ಟೆಯ ಮುಖವಾಡ ಹೊಲಿಸಿ ಮಾರಿದ. ಅದರ ಸಂದಿಯಲ್ಲಿ ಮರಳು ಸೇರಿಕೊಂಡು, ಕಲ್ಲು ಉಳಿಸಿದ್ದ ಬಣ್ಣವನ್ನೂ ಉಜ್ಜಿ ತೆಗೆಯಿತು. ಈಗ ಬಂದದ್ದು ಪಾರದರ್ಶಕ ಫಿಲ್ಮ್. ಬಣ್ಣದ ಮೇಲೆ ಎರಡನೆಯ ಚರ್ಮದ ಹಾಗೆ ಅಂಟಿಕೊಳ್ಳುತ್ತದೆ, ಅಂಟಿಸಿದ್ದೇ ಗೊತ್ತಾಗುವುದಿಲ್ಲ. ಪಟ್ಟಿ ಮಾರುವಾಗ ಬಣ್ಣ ಉಳಿಯುತ್ತದೆ ಎಂದು ಅಮ್ಮನ ಮೇಲೆ ಮಾಡಿದ ಆಣೆಯನ್ನೇ ಸಾಗಿನ್ ಮುಖವಾಡಕ್ಕೂ ಮಾಡಿದ್ದ, ಫಿಲ್ಮಿಗೂ ಮಾಡುತ್ತಿದ್ದ. ಆದರೆ ಈ ಸಲದ ಆಣೆಯನ್ನು ಅವನೂ ನಂಬಿದ್ದ.

ಫಿಲ್ಮ್ ಅಂಟಿಸುವ ಕೆಲಸ ಮುಂದಿನ ಹಾಲಿನಲ್ಲಿ. ಅಲ್ಲಿ ನೆಲಕ್ಕೆ ಬಿಳಿ ಟೈಲ್ಸು, ತಲೆಯ ಮೇಲೆ ಸಾಲು ದೀಪ, ಚಳಿಗಾಲದಲ್ಲಿ ಹೀಟರು. ದೂಳಿನ ಒಂದು ಕಣ ಒಳಗೆ ಬಂದರೂ ಮೆಲಿಸ್ ರಂಪ ಮಾಡುತ್ತಿದ್ದ. ನಲವತ್ತೈದರ ಮೆಲಿಸ್ ಆ ಹಾಲಿನ ರಾಜ. ಕೈಯಲ್ಲಿ ಸದಾ ಒಂದು ತೆಳು ಚಾಕು. ಹಾಲಿನ ಹಿಂದೆ ತಗಡಿನ ಶೆಡ್ಡು, ಅಲ್ಲಿ ಕಾರು ತೊಳೆಯುವ ಕೆಲಸ. ಅಲ್ಲಿನ ರಾಣಿ ಎನ್ನಬೇಕಾದರೆ ಬುರುಲ್. ರಾಣಿಗೆ ರಬ್ಬರ್ ಬೂಟು, ಕೈಯಲ್ಲಿ ನೀರಿನ ಪೈಪು.

ಮೂರು ಚಳಿಗಾಲ ಆ ಶೆಡ್ಡಿನಲ್ಲಿ ಕಳೆದ ಮೇಲೆ ಬುರುಲ್‌ಳ ಬೆರಳುಗಳ ಗಂಟು ಊದಿಕೊಳ್ಳತೊಡಗಿತ್ತು. ಬೆಳಗ್ಗೆ ಎದ್ದರೆ ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಅವಳ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಇನ್ನೊಂದು ಚಳಿಗಾಲ ತಣ್ಣೀರಲ್ಲಿ ಕೈ ಇಟ್ರೆ ಈ ಬೆರಳು ಮತ್ತೆ ನಿನ್ನ ಮಾತು ಕೇಳಲ್ಲ ಕಣಮ್ಮ" ಎಂದಿದ್ದಳು. ಬುರುಲ್‌ಗೆ ಮೂವತ್ತೊಂದು ವರ್ಷ. ಅವಳಿಗೆ ಬರುತ್ತಿದ್ದದ್ದೆಲ್ಲ ಕೈಕೆಲಸ. ಅಮ್ಮನ ಜೊತೆ ಕೂತು ಉಣ್ಣೆಯ ದಪ್ಪ ಜಮಖಾನೆ ಕತ್ತರಿಸಿ ಹೊಲಿದು ಬೆಳೆದವಳು. ಎರಡು ಬಣ್ಣದ ಉಣ್ಣೆಯನ್ನು ಒಂದರ ಮೇಲೊಂದಿಟ್ಟು ಕೊಂಬಿನ ಚಿತ್ರ ಕತ್ತರಿಸಿ, ಇದರ ಖಾಲಿ ಜಾಗದಲ್ಲಿ ಅದರ ತುಂಡು ಕೂರಿಸಿದರೆ ನಡುವೆ ಕೂದಲೆಳೆಯೂ ನುಸುಳಬಾರದು. ಅಂಥ ಕೈ ಹೋದರೆ ತನ್ನಲ್ಲಿ ಉಳಿಯುವುದೇನು ಎಂದು ಯೋಚಿಸಿದಾಗಲೆಲ್ಲ ಅವಳಿಗೆ ಭಯವಾಗುತ್ತಿತ್ತು.

ಅವಳು ಆ ವಸಂತದಲ್ಲಿ ತೀರ್ಮಾನ ಮಾಡಿದಳು. ಮುಂದಿನ ಹಿಮ ಬೀಳುವುದರೊಳಗೆ ತಾನು ಮುಂದಿನ ಹಾಲಿನಲ್ಲಿರಬೇಕು.

ಶೆಡ್ಡಿನ ಹಿಂದೆ ಅಪಘಾತದ ಕಾರಿನದೊಂದು ಬಾನೆಟ್ಟು ಬಿದ್ದಿತ್ತು. ಮೆಲಿಸ್ ಕತ್ತರಿಸಿ ಬಿಸಾಡಿದ ಫಿಲ್ಮಿನ ಚೂರುಗಳನ್ನು ಬುರುಲ್ ಕಸದ ಡಬ್ಬಿಯಿಂದ ಆರಿಸಿ, ಊಟದ ಹೊತ್ತಿನಲ್ಲಿ ಅದರ ಮೇಲೆ ಅಂಟಿಸಿ ಕಲಿತಳು. ಸೋಪಿನ ನೀರು ಚಿಮುಕಿಸಿ ಹಾಳೆ ಜಾರಿಸುವುದು, ಸರಿಯಾದ ಜಾಗಕ್ಕೆ ಬಂದ ಮೇಲೆ ರಬ್ಬರ್ ಪಟ್ಟಿಯಿಂದ ನೀರನ್ನು ನಡುವಿನಿಂದ ಅಂಚಿಗೆ ತಳ್ಳುವುದು, ಎಳೆಯಬೇಕಾದಲ್ಲಿ ಬಿಸಿಗಾಳಿ ಊದುವುದು. ಎಳೆದದ್ದು ಹೆಚ್ಚಾದರೆ ಎರಡು ದಿನಕ್ಕೆ ಫಿಲ್ಮ್ ಮುನಿಸಿಕೊಂಡು ಅಂಚಿನಲ್ಲಿ ಎದ್ದು ನಿಲ್ಲುತ್ತಿತ್ತು. ಹೀಗೆ ನೂರು ಸಲ ಕೆಟ್ಟ ಮೇಲೆ ನೂರಾ ಒಂದನೆಯದು ಕೂತಿತು. ಅದೇ ದಿನ ಅವಳು ಹಾಲಿನ ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಹೋದಳು.

"ಸಾಗಿನ್ ಬಾಯ್ಕೆ, ನನಗೆ ಫಿಲ್ಮ್ ಕೆಲಸ ಕೊಡಿ."

ಬಾಯ್ಕೆ ಎಂದರೆ ಅಣ್ಣ, ಹಿರಿಯ ಗಂಡಸರನ್ನು ಕರೆಯುವ ಮರ್ಯಾದೆಯ ಮಾತು. ಸಾಗಿನ್ ಟೀ ಕುಡಿಯುತ್ತಿದ್ದವನು ಬಟ್ಟಲು ಕೆಳಗಿಟ್ಟ. ಮೆಲಿಸ್ ಅವನಿಗಿಂತ ಮೊದಲೇ ನಕ್ಕ.

"ಕೊಡಿ ಬಾಯ್ಕೆ, ಕೊಡಿ. ಕಾರಿನ ಮೇಲೆ ಕುರಿಕೊಂಬಿನ ಚಿತ್ರ ಕತ್ತರಿಸಿ ಜಮಖಾನೆ ಮಾಡಿಕೊಡ್ತಾಳೆ."

"ನಿಮ್ಮ ಚಿತ್ರಕ್ಕಿಂತ ಚೆನ್ನಾಗೇ ಇರುತ್ತೆ, ಮೆಲಿಸ್ ಬಾಯ್ಕೆ," ಎಂದಳು ಬುರುಲ್. "ನಿಮ್ಮ ಕೈಲಿ ಕತ್ತರಿಸಿಕೊಂಡ ಕಾರುಗಳನ್ನ ಆಮೇಲೆ ತೊಳೆಯೋಳು ನಾನೇ. ಅಂಚು ಹೇಗಿರುತ್ತೆ ಅಂತ ನನಗೆ ಗೊತ್ತು."

ಮೆಲಿಸ್‌ನ ನಗು ಅರ್ಧಕ್ಕೇ ನಿಂತಿತು. ಸಾಗಿನ್‌ನ ಕಣ್ಣಲ್ಲಿ ಬೆಳಕು ಬಂತು. ಅವನಿಗೆ ಪಂದ್ಯ ಎಂದರೆ ಪ್ರಾಣ. ಎರಡು ನೊಣ ಗೋಡೆ ಹತ್ತುತ್ತಿದ್ದರೂ ಯಾವುದು ಮೊದಲು ಎಂದು ಬಾಜಿ ಕಟ್ಟುವ ಗಿರಾಕಿ. ಅವನೇ ಹೊಸ ಕಾರು ತಂದು ವಾರವಾಗಿತ್ತು, ಹಡಗಿನಂಥ ದೊಡ್ಡ ಕಪ್ಪು ಕಾರು. ಬರುವ ಶನಿವಾರ ಅತ್-ಬಾಶಿಗೆ, ಅಮ್ಮನ ಹತ್ತಿರ ಅದನ್ನು ತೋರಿಸಲು ಹೊರಟಿದ್ದ. ಆ ವರ್ಷ ದೊಲೋನ್ ಘಟ್ಟದ ರಸ್ತೆ ಅಗೆದು ಹಾಕಿದ್ದರು, ನಲವತ್ತು ಕಿಲೋಮೀಟರು ಬರೀ ಜಲ್ಲಿ.

"ಕೇಳಿ ಇಬ್ರೂ," ಎಂದ ಸಾಗಿನ್. "ನನ್ನ ಬಾನೆಟ್ಟಿಗೆ ಮಧ್ಯ ಗೆರೆ ಹಾಕ್ತೀನಿ. ಎಡಗಡೆ ಮೆಲಿಸ್‌ದು, ಬಲಗಡೆ ಬುರುಲ್‌ದು. ಹೋಗಿ ಬರೋಣ. ಯಾರ ಅರ್ಧ ಗುರುತಿಲ್ಲದೆ ವಾಪಸ್ ಬರುತ್ತೋ ಈ ಹಾಲು ಅವರದು. ಸೋತೋರು ಶೆಡ್ಡಿಗೆ."

"ನಾನು? ಶೆಡ್ಡಿಗೆ?" ಮೆಲಿಸ್ ಚಾಕು ಎದೆಗೊತ್ತಿಕೊಂಡ.

"ಯಾಕೆ, ಹೆದರಿಕೆನಾ?"

ಹೆದರಿಕೆ ಎಂಬ ಮಾತು ಬಂದ ಮೇಲೆ ನಾರಿನ್ ಕಡೆಯ ಬೆಟ್ಟದ ಗಂಡಸಿಗೆ ಹಿಂದೆ ಸರಿಯುವ ದಾರಿ ಇರುವುದಿಲ್ಲ. ಮೆಲಿಸ್ ಕೈ ಕೊಟ್ಟ. ಬುರುಲ್ ಊದಿದ ಬೆರಳುಗಳ ಕೈಯನ್ನು ಅವನ ಕೈಗಿಟ್ಟು ಗಟ್ಟಿಯಾಗಿ ಕುಲುಕಿದಳು. ನೋವಾಯಿತು, ತೋರಿಸಿಕೊಳ್ಳಲಿಲ್ಲ.

ಮೆಲಿಸ್ ತನ್ನ ಅರ್ಧವನ್ನು ಎರಡು ಗಂಟೆಯಲ್ಲಿ ಮುಗಿಸಿದ. ಅವನ ಕೈಚಳಕ ನೋಡಲು ಚೆಂದ, ಅದನ್ನು ಇಲ್ಲವೆನ್ನಬಾರದು. ಹಾಳೆಯನ್ನು ಬಾನೆಟ್ಟಿನ ಮೇಲೆ ಹಾಸಿ, ನೀರು ತಳ್ಳಿ, ಹೆಚ್ಚಿನ ಭಾಗವನ್ನು ಕಾರಿನ ಮೇಲೆಯೇ ಚಾಕುವಿನಿಂದ ಸರ್ರನೆ ಕತ್ತರಿಸಿ ಎತ್ತಿದ. ಅಂಚಿಗೆ ಒಂದು ಅಕ್ಕಿಕಾಳಿನಷ್ಟು ಜಾಗ ಬಿಟ್ಟಿದ್ದ. ಚಾಕು ಓಡುವಾಗ ಆದ ಸಣ್ಣ ಕಿರ್ ಸದ್ದು ಬುರುಲ್‌ಳ ಹಲ್ಲು ಜುಮ್ಮೆನಿಸಿತು.

"ಬಾಯ್ಕೆ, ಚಾಕು ಕೆಳಗೆ ತಾಗ್ತಿದೆ."

"ಹದಿನಾಲ್ಕು ವರ್ಷದ ಕೈ ಕಣೇ ಇದು. ಫಿಲ್ಮ್ ಮುಗಿದಲ್ಲಿ ತಾನೇ ನಿಲ್ಲುತ್ತೆ. ನೀನು ನಿನ್ನ ಉಣ್ಣೆ ನೋಡ್ಕೋ."

ಅವಳು ನೋಡಿಕೊಂಡಳು. ರಟ್ಟಿನ ಮೇಲೆ ಬಾನೆಟ್ಟಿನ ಬಲ ಅರ್ಧದ ಅಳತೆ ತೆಗೆದು, ರಟ್ಟು ಕತ್ತರಿಸಿ, ಅದರ ಪ್ರಕಾರ ಫಿಲ್ಮನ್ನು ಮೇಜಿನ ಮೇಲೆ ಕತ್ತರಿಸಿದಳು. ಮುಂದಿನ ಅಂಚಿಗೂ ಪಕ್ಕದ ಅಂಚಿಗೂ ಎರಡು ಬೆರಳು ಹೆಚ್ಚಿಗೆ ಬಿಟ್ಟಳು. ಮೊದಲ ದಿನ ಪೂರ್ತಿ ತೊಳೆಯುವುದಕ್ಕೇ ಹೋಯಿತು. ಜೇಡಿಮಣ್ಣಿನಂಥ ಮುದ್ದೆಯಿಂದ ಉಜ್ಜಿ ಉಜ್ಜಿ, ಕಣ್ಣಿಗೆ ಕಾಣದ ಕಬ್ಬಿಣದ ಚೂರನ್ನೂ ಬೆರಳಿನಿಂದ ಹುಡುಕಿ ತೆಗೆದಳು. ಎರಡನೆಯ ದಿನ ಹಾಳೆ ಹಾಸಿದಳು. ಹೆಚ್ಚಿನ ಅಂಚನ್ನು ಬಿಸಿ ಮಾಡಿ ಬಾನೆಟ್ಟಿನ ಅಡಿಗೆ ಮಡಿಸಿ ಒತ್ತಿದಳು. ಅಮ್ಮ ಜಮಖಾನೆಯ ಅಂಚನ್ನು ಒಳಕ್ಕೆ ಮಡಿಸುತ್ತಿದ್ದದ್ದೂ ಹೀಗೆಯೇ. ಬಿಟ್ಟ ಅಂಚಿನಿಂದಲೇ ಎಲ್ಲವೂ ಬಿಚ್ಚಿಕೊಳ್ಳುವುದು ಎನ್ನುತ್ತಿದ್ದಳು.

"ಎರಡು ದಿನ!" ಸಾಗಿನ್ ತಲೆ ಚಚ್ಚಿಕೊಂಡ. "ಅಷ್ಟರಲ್ಲಿ ಅಮ್ಮನೇ ನಡ್ಕೊಂಡು ಬಂದು ಕಾರು ನೋಡ್ಕೊಂಡು ಹೋಗ್ತಿದ್ಳು."

ಶನಿವಾರ ಬೆಳಗ್ಗೆ ಮೂವರೂ ಹೊರಟರು. ಬುರುಲ್ ಹಿಂದಿನ ಸೀಟಿನಲ್ಲಿ ಕೇಕಿನ ಪೆಟ್ಟಿಗೆ, ಟೀ ಫ್ಲಾಸ್ಕು ಮಡಿಲಲ್ಲಿಟ್ಟುಕೊಂಡು ಕೂತಳು. ಅವಳನ್ನು ಯಾರೂ ಕರೆದಿರಲಿಲ್ಲ. "ನನ್ನ ಅರ್ಧ ಹೋಗೋ ಕಡೆ ನಾನೂ ಹೋಗ್ತೀನಿ" ಎಂದು ಬಾಗಿಲು ತೆಗೆದು ಹತ್ತಿದ್ದಳು.

ಬೋಮ್ ಕಣಿವೆ ಕಳೆದು ಸರೋವರದ ಮೂಲೆ ಮುಟ್ಟುತ್ತಲೇ ಹುಳುಗಳ ಹಿಂಡು ಎದುರಾಯಿತು. ಗಾಜಿನ ಮೇಲೆ ಮಳೆ ಹುಯ್ದ ಹಾಗೆ ಪಟಪಟ ಸದ್ದು. ಸಾಗಿನ್ ವೈಪರ್ ಹಾಕಿದ, ಗಾಜು ಹಾಲಿನ ಹಾಗೆ ಬೆಳ್ಳಗಾಯಿತು. ಘಟ್ಟದ ಜಲ್ಲಿ ಶುರುವಾದ ಮೇಲೆ ಚೀನಾದ ಗಡಿಗೆ ಹೋಗುವ ಲಾರಿಗಳ ಸಾಲು. ಪ್ರತಿ ಲಾರಿಯೂ ಮುಷ್ಟಿ ಮುಷ್ಟಿ ಕಲ್ಲು ಎಸೆಯುತ್ತಿತ್ತು.

ಟಪ್ ಎಂದಿತು.

"ಅದು ನಿಂದು," ಎಂದ ಮೆಲಿಸ್ ಹಿಂದೆ ತಿರುಗಿ.

ಟಪ್, ಟಪ್.

"ಅವೆರಡೂ ನಿಮ್ಮವು, ಬಾಯ್ಕೆ."

"ಒಂದು ನನ್ನದು, ಒಂದು ಗ್ರಿಲ್ಲಿಗೆ ಬಿತ್ತು."

"ರೀ, ಅದು ನನ್ನ ಕಾರು!" ಎಂದು ಸಾಗಿನ್ ಅರಚಿದ. "ಲೂಡೋ ಆಡ್ತಿದೀರೇನ್ರೀ ಇಬ್ರೂ?"

ಹಾಗೆನ್ನುವಷ್ಟರಲ್ಲಿ ಮುಂದಿನ ಲಾರಿಯಿಂದ ಕೋಳಿಮೊಟ್ಟೆಯಷ್ಟು ಕಲ್ಲೊಂದು ಪುಟಿದು ಬಲ ಅರ್ಧದ ಮೇಲೆ ಠಣ್ಣೆಂದು ಬಿತ್ತು. ಬುರುಲ್ ಸೀಟಿನಿಂದ ಮುಂದಕ್ಕೆ ಬಗ್ಗಿದಳು. ಸಾಗಿನ್ ಕಾರು ಪಕ್ಕಕ್ಕೆ ಹಾಕಿದ. ಮೂವರೂ ಇಳಿದು ನೋಡಿದರು. ಫಿಲ್ಮಿನ ಮೇಲೆ ಉಗುರಿನಷ್ಟು ಉದ್ದದ ಬಿಳಿ ಗೀರು.

"ಮುಗೀತು," ಎಂದ ಮೆಲಿಸ್. ದನಿಯಲ್ಲಿ ಕನಿಕರ ಬೆರೆಸಲೂ ಮರೆಯಲಿಲ್ಲ. "ಪಾಪ, ಕಷ್ಟಪಟ್ಟಿದ್ಳು."

ಬುರುಲ್ ಕಾರಿನಿಂದ ಫ್ಲಾಸ್ಕು ತಂದು, ಗೀರಿನ ಮೇಲೆ ಬಿಸಿಬಿಸಿ ಟೀಯನ್ನು ಸುರಿದಳು.

"ಏ ಏ! ನನ್ನ ಟೀ!"

"ಮುಂದೆ ಕೊಚ್ಕೋರಲ್ಲಿ ಕುಡಿಯೋಣ ಬಾಯ್ಕೆ."

"ಕೊಚ್ಕೋರ್ ದಾಟಿ ಆಯ್ತಲ್ಲೇ!"

ಬಿಸಿ ತಾಗಿದ ಫಿಲ್ಮ್ ಮೆತ್ತಗಾಗಿ, ಗೀರು ನೋಡುತ್ತ ನೋಡುತ್ತ ಮಸುಕಾಯಿತು, ಆಮೇಲೆ ಇಲ್ಲವಾಯಿತು. ಸಾಗಿನ್ ಅಲ್ಲಿ ಬೆರಳಾಡಿಸಿ ನೋಡಿ ಹುಬ್ಬೇರಿಸಿದ. ಮೆಲಿಸ್‌ಗೂ ಈ ಗುಟ್ಟು ಗೊತ್ತಿತ್ತು, ಹೇಳುವ ಮನಸ್ಸು ಮಾತ್ರ ಇರಲಿಲ್ಲ. ಬುರುಲ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಕಾರು ಹತ್ತಿದಳು. ಇನ್ನು ಗೆದ್ದಂತೆಯೇ ಎಂದು ಮನಸ್ಸು ಹೇಳಿತು. ಅಷ್ಟು ಬೇಗ ಹಾಗೆ ಹೇಳಬಾರದಿತ್ತು.

ಏಕೆಂದರೆ ಕಲ್ಲಿಗೆ ಲೆಕ್ಕ ಹಾಕಿದ್ದಳು, ಹುಳುವಿಗೆ ಲೆಕ್ಕ ಹಾಕಿದ್ದಳು. ಉಮ್ಸುನ್ ಅಪಾಳನ್ನು ಮರೆತಿದ್ದಳು. ಅದೂ ತಾನು ಅದೇ ಬೆಟ್ಟಗಳ ನಡುವೆ ಹುಟ್ಟಿ ಬೆಳೆದವಳಾಗಿ!

ಸಾಗಿನ್‌ನ ತಾಯಿ ಉಮ್ಸುನ್, ಎಲ್ಲರ ಬಾಯಲ್ಲೂ ಅಪಾ, ಎಂದರೆ ಅಮ್ಮ, ಬಿಳಿ ತಲೆವಸ್ತ್ರ ಕಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಎಪ್ಪತ್ತೆಂಟು ವರ್ಷ, ಬೆನ್ನು ಇನ್ನೂ ನೆಟ್ಟಗೆ. ಉಡಿಯಲ್ಲಿ ಬಟ್ಟೆಯ ಗಂಟು. ಕಾರು ಅಂಗಳಕ್ಕೆ ತಿರುಗುತ್ತಲೇ, "ಬಾ ನನ್ನ ಕುದುರೆ, ಬಾ!" ಎಂದು ಕೂಗಿ, ಗಂಟಿಗೆ ಕೈ ಹಾಕಿ ಮೊದಲ ಹಿಡಿ ಎರಚಿದಳು. ಶುಭದ ಎರಚಾಟ. ಮದುಮಗಳ ತಲೆಯ ಮೇಲೆ ಎರಚುವ ಹಾಗೆ ಬಾನೆಟ್ಟಿನ ಮೇಲೆ ಬಿತ್ತು: ಗಟ್ಟಿ ಸಕ್ಕರೆ ಮಿಠಾಯಿ, ನಾಣ್ಯ, ಅದರ ಜೊತೆಗೆ ಬಿಸಿಲಿಗೆ ಒಣಗಿ ಕಲ್ಲಾಗಿದ್ದ ಮೊಸರಿನ ಉಂಡೆ, ಕುರುತ್. ಘಟ್ಟದ ಲಾರಿಗಳೂ ಇಷ್ಟು ಗುರಿಯಿಟ್ಟು ಹೊಡೆದಿರಲಿಲ್ಲ. ಠಣ ಠಣ ಸದ್ದಿಗೆ ನೆರೆಮನೆಯ ಮಕ್ಕಳು ಬೇಲಿ ಹಾರಿ ಬಂದು ಮಿಠಾಯಿ ಆರಿಸತೊಡಗಿದರು.

"ಅಪಾ, ಸಾಕು! ಬಣ್ಣ!" ಎಂದ ಸಾಗಿನ್ ಕಿಟಕಿಯಿಂದ.

"ಬಣ್ಣವಂತೆ! ನಿನ್ನಪ್ಪ ಟ್ರ್ಯಾಕ್ಟರ್ ತಂದಾಗ ಬಕೆಟ್ ತುಂಬ ಎರಚಿದ್ದೆ. ಅದು ಇವತ್ತಿಗೂ ಓಡ್ತಿದೆ. ನಿನ್ನದೇನು ಮೊಟ್ಟೆ ಚಿಪ್ಪಿನದಾ?"

ಸಾಗಿನ್ ಕಿಟಕಿ ಏರಿಸಿಕೊಂಡ. ಬಿಷ್ಕೆಕ್ಕಿನಲ್ಲಿ ಇಪ್ಪತ್ತು ಜನರಿಗೆ ಯಜಮಾನನಾದವನು ಇಲ್ಲಿ ಐದು ವರ್ಷದ ಹುಡುಗ.

ಎರಚಾಟ ಏನೂ ಮಾಡಲಿಲ್ಲ. ಎರಡು ಅರ್ಧಗಳೂ ತಡೆದುಕೊಂಡವು. ಆದರೆ ಅಷ್ಟಕ್ಕೆ ಮುಗಿಯಲಿಲ್ಲ. ಹೊಸ ಕಾರು ಮನೆಗೆ ಬಂದಾಗ ನೆತ್ತರು ಹರಿಯಬೇಕು, ಇಲ್ಲದಿದ್ದರೆ ಕಾರೇ ಮುಂದೆ ಕೇಳುತ್ತದೆ ಎಂಬುದು ಆ ಕಡೆಯ ನಂಬಿಕೆ. ಮನೆಯ ಹಿಂದೆ ಕುರಿ ಕೊಯ್ದರು. ಉಮ್ಸುನ್ ಅಪಾ ಬಟ್ಟಲಲ್ಲಿ ನೆತ್ತರು ತಂದು, ಮೂರು ಬೆರಳು ಅದ್ದಿ, ತುಟಿಯಲ್ಲಿ ಪ್ರಾರ್ಥನೆ ಹೇಳಿಕೊಳ್ಳುತ್ತ, ಬಾನೆಟ್ಟಿನ ಎಡ ಅರ್ಧದ ಮೇಲೆ ಮೂರು ಗೆರೆ ಎಳೆದಳು. ಈ ಕಡೆ ಬಂದು ಬಲ ಅರ್ಧದ ಮೇಲೂ ಮೂರು ಗೆರೆ ಎಳೆದಳು. ಮುದುಕಿಯ ಬೆರಳು ದಪ್ಪ, ಗೆರೆಗಳೂ ದಪ್ಪ.

"ನಾಳೆ ಹೊರಡೋ ತನಕ ಯಾರೂ ಮುಟ್ಟಬಾರ್ದು," ಎಂದು ಬೆರಳು ಎತ್ತಿ ಹೇಳಿದಳು. "ದಾರಿ ಇದನ್ನ ನೋಡ್ಬೇಕು."

ಬುರುಲ್ ಆಕಾಶ ನೋಡಿದಳು. ಜೂನ್ ತಿಂಗಳ ನಡುಹಗಲು, ಮೋಡದ ಸುಳಿವಿಲ್ಲ. ಕಪ್ಪು ಬಾನೆಟ್ಟು ಹೆಂಚಿನ ಹಾಗೆ ಕಾದಿತ್ತು. ಒಂದು ಹುಳುವಿನ ಹನಿ ರಸವೇ ಗುರುತು ಬಿಡುವುದಾದರೆ ಇದು ಸಾವಿರ ಹುಳುವಿಗೆ ಸಮ. ನಾಳೆಯ ತನಕ ಬಿಟ್ಟರೆ ನೆತ್ತರು ಫಿಲ್ಮಿನೊಳಕ್ಕೇ ಇಳಿಯುತ್ತದೆ. ಆಮೇಲೆ ಬಿಸಿ ಟೀಯಲ್ಲ, ಕುದಿಯುವ ನೀರು ಹುಯ್ದರೂ ಹೋಗುವುದಿಲ್ಲ.

ಎಲ್ಲರೂ ಒಳಗೆ ಮಾಂಸದ ತಟ್ಟೆಯ ಸುತ್ತ ಕೂತರು. ಮೆಲಿಸ್ ಕೈ ತೊಳೆದು ಬರುತ್ತೇನೆಂದು ಎದ್ದು ಹೋದ. ಸ್ವಲ್ಪ ಹೊತ್ತಿಗೆ ಬುರುಲ್ ಕಿಟಕಿಯಿಂದ ನೋಡಿದಳು. ಮೆಲಿಸ್ ಬೆನ್ನು ಮನೆಯ ಕಡೆ ಮಾಡಿ, ಒದ್ದೆ ಕರವಸ್ತ್ರದಿಂದ ಎಡ ಅರ್ಧವನ್ನು ಉಜ್ಜುತ್ತಿದ್ದ. ಮೂರೂ ಗೆರೆ ಹೋದ ಮೇಲೆ ಕರವಸ್ತ್ರವನ್ನು ಹಿಂಡಿ ಕೊಟ್ಟಿಗೆಯ ಹಿಂದೆ ಎಸೆದು, ಶಿಳ್ಳೆ ಹಾಕುತ್ತ ಒಳಗೆ ಬಂದು ತೊಡೆಯ ಮೂಳೆಗೆ ಕೈ ಹಾಕಿದ.

ಅವಳು ಅಡುಗೆಮನೆಯಿಂದ ಒಂದು ಬಟ್ಟೆ ಒದ್ದೆ ಮಾಡಿಕೊಂಡು ಅಂಗಳಕ್ಕೆ ಬಂದಳು. ಯಾರೂ ಇರಲಿಲ್ಲ. ಒಂದು ನಿಮಿಷದ ಕೆಲಸ. ಬಲ ಅರ್ಧದ ಮುಂದೆ ನಿಂತು ಬಟ್ಟೆ ಎತ್ತಿದಳು.

ಮೂರು ಬೆರಳಿನ ಗೆರೆ ಆಗಲೇ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಬುರುಲ್‌ಳ ಅಪ್ಪ ಇದೇ ಗಡಿಯ ದಾರಿಯಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವನು. ಪ್ರತಿ ವಸಂತದಲ್ಲಿ ಅಮ್ಮ ಲಾರಿಯ ಮೂತಿಗೆ ಇಂಥದೇ ಮೂರು ಗೆರೆ ಎಳೆಯುತ್ತಿದ್ದಳು. ಹಿಮಪಾತವಾದ ದಿನಗಳಲ್ಲಿ ಅಮ್ಮ ಬಾಗಿಲಲ್ಲಿ ಕಾಯುತ್ತಿದ್ದದ್ದು, ಬೆಟ್ಟದ ತಿರುವಿನಲ್ಲಿ ಲಾರಿಯ ದೀಪ ಕಂಡಾಗ ನಿಟ್ಟುಸಿರು ಬಿಡುತ್ತಿದ್ದದ್ದು ಬುರುಲ್‌ಗೆ ನೆನಪಿತ್ತು. ಅಪ್ಪ ಪ್ರತಿ ಸಲವೂ ಬಂದ. ಗೆರೆಯಿಂದಲೇ ಬಂದನೋ ಇಲ್ಲವೋ, ಅವಳಿಗೆ ಗೊತ್ತಿಲ್ಲ. ಆದರೆ ಮನೆಯಲ್ಲಿ ಯಾರೂ ಅದನ್ನು ಒರೆಸುವ ಧೈರ್ಯ ಮಾಡಿರಲಿಲ್ಲ.

ಶೆಡ್ಡು, ತಣ್ಣೀರು, ಡಾಕ್ಟರಮ್ಮನ ಮಾತು ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಳು ಬಂತು. ಸಿಟ್ಟೂ ಬಂತು, ಮುದುಕಿಯ ಮೇಲೆ, ಮೆಲಿಸ್‌ನ ಮೇಲೆ, ಎಲ್ಲಕ್ಕಿಂತ ತನ್ನ ಮೇಲೆ. ಬಟ್ಟೆಯಿಂದ ತನ್ನ ಮುಖ ಒರೆಸಿಕೊಂಡು ಒಳಗೆ ಹೋದಳು.

"ಬಾ ಮಗಳೇ, ಯಾಕೆ ಮುಖ ಕೆಂಪಗಿದೆ?" ಎಂದಳು ಉಮ್ಸುನ್ ಅಪಾ.

"ಬಿಸಿಲು ಅಪಾ."

"ತಿನ್ನು. ಗೆಲ್ಲೋರು ಹೊಟ್ಟೆ ತುಂಬಾ ತಿನ್ಬೇಕು. ಸಾಗಿನ್ ಹೇಳ್ದ ನಿಮ್ಮ ಪಂದ್ಯದ ವಿಷ್ಯ." ಮುದುಕಿ ಅವಳ ಕೈ ಹಿಡಿದು ಬೆರಳ ಗಂಟು ನೋಡಿದಳು. ಕುರಿಬಾಲದ ಕೊಬ್ಬಿನ ದೊಡ್ಡ ತುಂಡೊಂದನ್ನು ಅವಳ ತಟ್ಟೆಗೆ ಹಾಕಿದಳು.

ಮರುದಿನ ಬೆಳಕು ಹರಿಯುವ ಮೊದಲೇ ಹೊರಟರು, ಎಡ ಅರ್ಧ ಬೋಳಾದದ್ದು ಕತ್ತಲಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಅದೇ ಕಲ್ಲು, ಅದೇ ಹುಳು. ಸೋಮವಾರ ಬೆಳಗ್ಗೆ ಅಂಗಡಿಯವರೆಲ್ಲ ಶೆಡ್ಡಿನಲ್ಲಿ ಸೇರಿದರು. ಕಾರನ್ನು ಬುರುಲ್ ತಾನೇ ತೊಳೆದಳು. ತಣ್ಣೀರು, ಸೋಪು, ಮೆತ್ತನೆ ಬಟ್ಟೆ, ಅವಸರವಿಲ್ಲ. ಹುಳುಗಳು ಎರಡೂ ಕಡೆಯಿಂದ ಸಲೀಸಾಗಿ ಹೋದವು. ನೀರು ಇಳಿದ ಮೇಲೆ ಎಲ್ಲರೂ ಬಗ್ಗಿ ನೋಡಿದರು. ಎಡ ಅರ್ಧ ಫಳಫಳ ಹೊಳೆಯುತ್ತಿತ್ತು. ಬಲ ಅರ್ಧದಲ್ಲಿ ಮೂರು ಕಂದು ಗೆರೆ.

"ಇನ್ನೇನು," ಎಂದ ಮೆಲಿಸ್. "ಕಣ್ಣಿರೋರಿಗೆ ಕಾಣ್ತಿದೆ."

ಸಾಗಿನ್ ಗೆರೆಗಳ ಮೇಲೆ ಉಗುರು ಆಡಿಸಿದ. ಹೋಗಲಿಲ್ಲ. ಅವನಿಗೂ ಖುಷಿಯಾಗಲಿಲ್ಲ, ಆದರೆ ಪಂದ್ಯ ಪಂದ್ಯವೇ. "ಗುರುತಿಲ್ಲದ ಅರ್ಧ ಅಂತ ಹೇಳಿದ್ದೆ, ಬುರುಲ್. ಗುರುತು ನಿನ್ನ ಕಡೆ ಇದೆ. ಕೊಟ್ಟ ಮಾತು..."

"ಗುರುತು ಫಿಲ್ಮಿನ ಮೇಲಿದೆ ಬಾಯ್ಕೆ, ಬಣ್ಣದ ಮೇಲಿಲ್ಲ," ಎಂದಳು ಬುರುಲ್. "ನೀವು ಗಿರಾಕಿಗೆ ಏನಂತ ಆಣೆ ಮಾಡ್ತೀರಿ? ಫಿಲ್ಮ್ ಉಳಿಸಿಕೊಡ್ತೀನಿ ಅಂತಲಾ, ಬಣ್ಣ ಉಳಿಸಿಕೊಡ್ತೀನಿ ಅಂತಲಾ? ಎರಡೂ ಕಿತ್ತು ನೋಡಿ."

"ಚೆನ್ನಾಗಿರೋ ಫಿಲ್ಮ್ ಯಾಕೆ ಕೀಳ್ಬೇಕು?" ಮೆಲಿಸ್ ಎಂದೂ ಇಷ್ಟು ಬೇಗ ಉತ್ತರಿಸಿರಲಿಲ್ಲ. "ಸೋತೋಳು ನೆಪ ಹೇಳ್ತಿದಾಳೆ."

"ನಿಮ್ಮದು ಹಾಗೇ ಇರ್ಲಿ. ನನ್ನದು ನಾನು ಕೀಳ್ತೀನಿ."

ಯಾರ ಅಪ್ಪಣೆಗೂ ಕಾಯದೆ ಬಿಸಿಗಾಳಿ ಯಂತ್ರ ತಂದು, ಅಡಿಗೆ ಮಡಿಸಿದ್ದ ಅಂಚನ್ನು ಬಿಡಿಸಿ, ಹಲ್ಲು ಕಚ್ಚಿ ನಿಧಾನವಾಗಿ ಎಳೆದಳು. ಊದಿದ ಬೆರಳುಗಳು ಮುಷ್ಕರ ಹೂಡಿದವು. ಅವಳು ಬಿಡಲಿಲ್ಲ. ಫಿಲ್ಮ್ ಒಂದೇ ತುಂಡಾಗಿ ಎದ್ದು ಬಂತು. ಕೆಳಗಿನ ಬಣ್ಣ ಅಂಗಡಿಯಿಂದ ತಂದ ದಿನದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಅದರಲ್ಲಿ ಸಾಗಿನ್‌ಗೆ ತನ್ನ ಮೀಸೆ ಕಂಡಿತು. ಗೆರೆಯೂ ಇಲ್ಲ, ಮೊಟ್ಟೆಗಾತ್ರದ ಕಲ್ಲು ಬಿದ್ದ ನೆನಪೂ ಇಲ್ಲ.

ಬುರುಲ್ ಕಿತ್ತ ಫಿಲ್ಮನ್ನು ಸಾಗಿನ್‌ನ ಕೈಗೆ ಕೊಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದ. ಪಾರದರ್ಶಕ ಹಾಳೆಯಲ್ಲಿ ಮೂರು ಬೆರಳು. ನಡುಬೆರಳಿನ ಗೆರೆ ಅರ್ಧಕ್ಕೆ ಸ್ವಲ್ಪ ಸೊಟ್ಟ. ಉಮ್ಸುನ್ ಅಪಾ ಹುಡುಗಿಯಾಗಿದ್ದಾಗ ಹುಲ್ಲು ಕೊಯ್ಯುವ ಯಂತ್ರಕ್ಕೆ ಸಿಕ್ಕಿ ಸೊಟ್ಟಗಾಗಿದ್ದ ಬೆರಳು ಅದು. ಸಾಗಿನ್ ಆ ಸೊಟ್ಟ ಗೆರೆಯ ಮೇಲೆ ಬೆರಳಾಡಿಸಿದ. ಆಮೇಲೆ ತಲೆ ಎತ್ತಿದ.

"ಮೆಲಿಸ್, ಅಪಾ ಎರಡೂ ಕಡೆ ಎಳೆದಿದ್ಳು. ನಾನು ಪಕ್ಕದಲ್ಲೇ ನಿಂತಿದ್ದೆ. ನಿನ್ನ ಕಡೇದು ಎಲ್ಲೋಯ್ತು?"

ಮೆಲಿಸ್ ಕೈಯಲ್ಲಿದ್ದ ಚಾಕುವನ್ನು ಜೇಬಿಗೆ ಹಾಕಿಕೊಂಡ.

"ಗುರುತು ಬೀಳುತ್ತೆ ಅಂತ..." ಎಂದ ಮೆಲಿಸ್.

"ನನ್ನ ತಾಯಿ ಮುಟ್ಟಬೇಡಿ ಅಂದಿದ್ದನ್ನ ಒರೆಸಿದೆ." ಸಾಗಿನ್ ಕೂಗಲಿಲ್ಲ. ಕೂಗಿದ್ದರೆ ಮೆಲಿಸ್‌ಗೆ ಹಗುರಾಗುತ್ತಿತ್ತು. "ಈ ಹುಡುಗಿ ಅದನ್ನ ಉಳಿಸಿ, ಸೋತು ಬಂದ್ಳು."

ಅವನೇ ಎಡ ಅರ್ಧದ ಮೂಲೆಗೆ ಉಗುರು ಹಾಕಿ ಎಳೆದ. ಫಿಲ್ಮ್ ಸರ್ರನೆ ಬಂತು. ಅಂಚಿನುದ್ದಕ್ಕೂ, ಈ ತುದಿಯಿಂದ ಆ ತುದಿಗೆ, ಬಣ್ಣದಲ್ಲಿ ಕೂದಲಿನಷ್ಟು ತೆಳುವಾದ ಗೀರು. ಹದಿನಾಲ್ಕು ವರ್ಷದ ಚಾಕು ನಡೆದುಹೋದ ದಾರಿ. ಅದರ ಆಚೆ, ಗೆರೆಗಳನ್ನೇ ನೋಡುತ್ತಿದ್ದವರ ಕಣ್ಣಿಗೆ ಬೀಳದಿದ್ದ, ಅಕ್ಕಿಕಾಳಿನಷ್ಟು ಬಿಟ್ಟಿದ್ದ ಬರಿಯ ಅಂಚಿನಲ್ಲಿ, ಏಳೆಂಟು ಕಡೆ ಕಲ್ಲು ಬಣ್ಣ ಕಿತ್ತು ತಗಡು ಇಣುಕುತ್ತಿತ್ತು. ಸಾಗಿನ್ ತಾನು ಇಷ್ಟು ವರ್ಷ ಅಮ್ಮನ ಆಣೆ ಹಾಕಿ ಕಳುಹಿಸಿದ್ದ ಕಾರುಗಳನ್ನೆಲ್ಲ ಒಂದೊಂದಾಗಿ ನೆನೆದುಕೊಂಡಿರಬೇಕು, ಅವನ ಮುಖ ಹುಳ್ಳಗಾಯಿತು.

"ನಾಳೆ ಈ ಬಾನೆಟ್ಟು ಪೂರ್ತಿ ಹಾಕು, ಬುರುಲ್," ಎಂದ. "ಎಷ್ಟು ದಿನ ಬೇಕಾದ್ರೂ ತಗೋ. ಹಾಲು ನಿಂದು. ಮೆಲಿಸ್, ನೀನು ಬೂಟು ಹಾಕ್ಕೋ."

ಮೆಲಿಸ್ ಮೂಲೆಯಲ್ಲಿದ್ದ ರಬ್ಬರ್ ಬೂಟುಗಳನ್ನು ನೋಡಿದ. ಅವು ಅವನ ಕಾಲಿಗೆ ಹಿಡಿಸುವಂತಿರಲಿಲ್ಲ.

ಬುರುಲ್ ತನ್ನ ಕೈಗಳನ್ನು ಬಟ್ಟೆಯಲ್ಲಿ ಒರೆಸಿಕೊಂಡಳು. ಮೂರು ಚಳಿಗಾಲದ ತಣ್ಣೀರು ದಾಟಿ ಈ ಮಾತು ಬಂದಿತ್ತು. ಸಂತೋಷ ಎದೆ ತುಂಬಿ ಬಂತು. ಆದರೆ ಕೆಲಸದ ಮಾತು ಕೆಲಸದ ಹಾಗೆಯೇ ಆಡಬೇಕು.

"ಪೂರ್ತಿ ಬಾನೆಟ್ಟಿನ ಹಾಳೆ ಒಬ್ಬರಿಂದ ಆಗಲ್ಲ, ಬಾಯ್ಕೆ. ಎದುರು ತುದಿ ಹಿಡಿಯೋಕೆ ಇನ್ನೊಬ್ಬರು ಬೇಕು. ನೀರು ತಳ್ಳೋಕೆ ಮೆಲಿಸ್ ಬಾಯ್ಕೆಯಷ್ಟು ಚೆನ್ನಾಗಿ ಕೈ ಓಡಿಸೋರು ಈ ಊರಲ್ಲಿಲ್ಲ. ಚಳಿಗಾಲದಲ್ಲಿ ಶೆಡ್ಡಿಗೆ ಬಿಸಿನೀರಿನ ಬಾಯ್ಲರು ಹಾಕ್ಸಿ, ತೊಳೆಯೋಕೆ ಯಾರಾದ್ರೂ ಸಿಗ್ತಾರೆ."

"ಇವಳು ಯಜಮಾನ್ತಿ ಆಗಿ ಎರಡು ನಿಮಿಷ ಆಗಿಲ್ಲ, ನನಗೇ ಖರ್ಚು ಹಚ್ತಿದಾಳೆ," ಎಂದ ಸಾಗಿನ್. ಬೇಡವೆನ್ನಲಿಲ್ಲ. ಮೂರು ಬೆರಳಿನ ಫಿಲ್ಮನ್ನು ಮಡಿಸದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಹಾಲಿನ ಗೋಡೆಗೆ, ತನ್ನ ಲೈಸೆನ್ಸಿನ ಪಕ್ಕದಲ್ಲಿ ಅಂಟಿಸಿದ.

ಮರುದಿನ ಬೆಳಗ್ಗೆ ಬುರುಲ್ ಹಾಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮೇಜಿನ ಮೇಲೆ ಅವಳು ಹಿಂದಿನ ಸಂಜೆಯೇ ಕತ್ತರಿಸಿಟ್ಟ ರಟ್ಟು ಸಿದ್ಧವಾಗಿತ್ತು. ಮೆಲಿಸ್ ಹೊಸಿಲ ಹೊರಗೇ ನಿಂತಿದ್ದ, ಕಣ್ಣು ನೆಲದ ಮೇಲೆ.

"ನೀನು ಅವತ್ತು ಕಿಟಕೀಲಿ ನಿಂತಿದ್ದೆ," ಎಂದ. "ಒಳಗೆ ಬರೋವಾಗ ನಾನು ನೋಡಿದ್ದೆ. ಹೇಳಿದ್ರೆ ಅಲ್ಲೇ ಗೆಲ್ತಿದ್ದೆ. ಯಾಕೆ ಹೇಳ್ಲಿಲ್ಲ?"

"ನನ್ನ ಅರ್ಧ ಮಾತ್ರ ನನ್ನದಾಗಿತ್ತು, ಬಾಯ್ಕೆ," ಎಂದಳು ಬುರುಲ್. "ಇವತ್ತು ಪೂರ್ತಿ ನನ್ನದು. ಚಾಕು ಹೊರಗಿಟ್ಟು ಬನ್ನಿ."

ಮೆಲಿಸ್ ಜೇಬಿನಿಂದ ಚಾಕು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. ಒಳಗೆ ಬಂದು ಹಾಳೆಯ ಎದುರು ತುದಿ ಹಿಡಿದ.